ಫೈನಲ್ ಡ್ರೈವ್ ಅನುಪಾತವನ್ನು ನಾನು ಆರಿಸಿಕೊಂಡ ಬಗೆ

ಸ್ಪೋರ್ಟ್ಸ್ ಕಾರಿನ ಫೈನಲ್ ಡ್ರೈವ್ (ಗೇರ್‌ಬಾಕ್ಸಿನ ನಂತರ ಚಕ್ರಗಳನ್ನು ತಿರುಗಿಸುವ ಕೊನೆಯ ಗೇರ್ ಜೋಡಿ) ಬದಲಿಸುವ ಮಾತು ಬಂದಾಗಲೆಲ್ಲ, ಅನುಪಾತದ ಅಂಕಿ ದೊಡ್ಡದಾದಷ್ಟೂ ಕಾರು ಚುರುಕಾಗುತ್ತದೆ ಎಂಬ ಸಲಹೆ ಮೊದಲು ಸಿಗುತ್ತದೆ. ಅದು ಅರ್ಧ ಮಾತ್ರ ನಿಜ. ನನ್ನದು ಮೊದಲ ಪೀಳಿಗೆಯ ಮಾಜ್ಡಾ ಎಂಎಕ್ಸ್-5, 1.8 ಲೀಟರ್ ಎಂಜಿನ್, ಐದು ಗೇರ್‌ಗಳು, ಕಾರ್ಖಾನೆಯಿಂದಲೇ ಬಂದ 4.1 ಫೈನಲ್ ಡ್ರೈವ್, ಅಂದರೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.1 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಹೆಚ್ಚಾಗಿ ಟ್ರ್ಯಾಕ್‌ನಲ್ಲಿ ಓಡುವ ಈ ಕಾರಿಗೆ ನಾನು ಕೊನೆಗೆ ಹಾಕಿಸಿದ್ದು 4.3 ಅಲ್ಲ, 3.909.

ಯಾವುದೇ ವೇಗದಲ್ಲಿ ಚಕ್ರವು ಕಾರನ್ನು ಎಷ್ಟು ಬಲದಿಂದ ಮುಂದಕ್ಕೆ ತಳ್ಳಬಲ್ಲದು ಎಂಬುದಕ್ಕೆ ಎಂಜಿನ್ನಿನ ಶಕ್ತಿಯೇ ಮಿತಿ. ಕ್ರೌನ್ ಪಿನಿಯನ್ (ಫೈನಲ್ ಡ್ರೈವಿನ ದೊಡ್ಡ ಮತ್ತು ಚಿಕ್ಕ ಗೇರುಗಳು) ಆ ಶಕ್ತಿಯನ್ನು ಹೆಚ್ಚಿಸುವುದಿಲ್ಲ, ಯಾವ ವೇಗದಲ್ಲಿ ಯಾವ ಗೇರ್ ಮುಗಿದು ಮುಂದಿನದಕ್ಕೆ ಹೋಗಬೇಕಾಗುತ್ತದೆ ಎಂಬುದನ್ನಷ್ಟೇ ಆಚೀಚೆ ಸರಿಸುತ್ತದೆ. ಗೇರುಗಳ ನಡುವಿನ ಅಂತರವೂ ಅದರಿಂದ ಬದಲಾಗದು. ನನ್ನ ಗೇರ್‌ಬಾಕ್ಸಿನಲ್ಲಿ ಎರಡನೆಯ ಗೇರ್ 1.888, ಮೂರನೆಯದು 1.330 ಆದ್ದರಿಂದ, ಹಿಂದೆ ಯಾವ ಫೈನಲ್ ಡ್ರೈವ್ ಇದ್ದರೂ, 7000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಗೇರ್ ಬದಲಿಸಿದರೆ ಸೂಜಿ ಇಳಿದು ನಿಲ್ಲುವುದು 4930ರ ಹತ್ತಿರವೇ.

ಲೆಕ್ಕಕ್ಕೆ ಮೊದಲು ಅಳತೆ ಬೇಕು. ಹಳೆಯ ಕಾರುಗಳಲ್ಲಿ ಹಿಂದಿನ ಮಾಲೀಕರು ಏನನ್ನು ಬದಲಿಸಿದ್ದಾರೋ ಹೇಳಲಾಗದು. ಹಾಗಾಗಿ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಎರಡೂ ಹಿಂಚಕ್ರಗಳನ್ನು ಒಟ್ಟಿಗೆ ಹತ್ತು ಸುತ್ತು ತಿರುಗಿಸಿದೆ. ಶಾಫ್ಟ್ 41 ಸುತ್ತು ತಿರುಗಿತು, ಇದ್ದದ್ದು 4.1 ಎಂಬುದು ಖಚಿತವಾಯಿತು. 185/60 ಆರ್14 ಟೈರಿನ ಸುತ್ತಳತೆ ಕಾಗದದ ಲೆಕ್ಕದಲ್ಲಿ 1.81 ಮೀಟರ್ ಬರುತ್ತದೆ, ಆದರೆ ಭಾರ ಹೊತ್ತ ಟೈರ್ ತುಸು ಕುಗ್ಗುತ್ತದೆ. ಚಾಲಕ ಒಳಗೆ ಕುಳಿತಿರುವಂತೆಯೇ ಕಾರನ್ನು ತಳ್ಳಿ, ಒಂದು ಸುತ್ತಿಗೆ ಅದು ಕ್ರಮಿಸುವ ದೂರವನ್ನು ನೆಲದ ಮೇಲೆಯೇ ಅಳೆದಾಗ ಸಿಕ್ಕಿದ್ದು 1.77 ಮೀಟರ್. ಎರಡು ಶೇಕಡಾ ಕ್ಷುಲ್ಲಕವೆನಿಸಬಹುದು, ಆದರೆ 4.1ಕ್ಕೂ 3.909ಕ್ಕೂ ಇರುವ ವ್ಯತ್ಯಾಸವೇ ಐದು ಶೇಕಡಾಕ್ಕಿಂತ ಕಡಿಮೆ.

ಈ ಅಳತೆಯಂತೆ 7000 ಆರ್‌ಪಿಎಂನಲ್ಲಿ ಎರಡನೆಯ ಗೇರ್ 4.1ರಲ್ಲಿ ಗಂಟೆಗೆ 96 ಕಿಲೋಮೀಟರಿಗೆ, 4.3ರಲ್ಲಿ ಸುಮಾರು 92ಕ್ಕೆ, 3.909ರಲ್ಲಿ 101ರ ಹತ್ತಿರ, 3.636ರಲ್ಲಿ 108ಕ್ಕೆ ಮುಗಿಯುತ್ತದೆ. ಬಿಡಿಭಾಗದ ಮಾರುಕಟ್ಟೆಯಲ್ಲಿ ಸಿಗುವ 4.778 ಹಾಕಿದರೆ 82ಕ್ಕೇ ಮುಗಿದುಬಿಡುತ್ತದೆ.

ಇನ್ನು ಟ್ರ್ಯಾಕ್. ನನ್ನ ಲ್ಯಾಪ್ ಸಮಯವನ್ನು ನಿರ್ಧರಿಸುವುದು ಉದ್ದನೆಯ ನೇರ ಹಾದಿಗೆ ತೆರೆದುಕೊಳ್ಳುವ ಒಂದೇ ತಿರುವು. ಡೇಟಾ ಲಾಗರ್‌ನ ದಾಖಲೆಯ ಪ್ರಕಾರ ಅಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತುವುದು 75ರಲ್ಲಿ, ಸ್ಟಿಯರಿಂಗ್ ನೇರವಾಗುವುದು 98ರಲ್ಲಿ. ಅಂದರೆ 4.1ರಲ್ಲಿ ಕಾರು ಇನ್ನೂ ವಾಲಿಕೊಂಡಿರುವಾಗಲೇ, ಹಿಂದಿನ ಟೈರುಗಳು ತಮ್ಮ ಹಿಡಿತದ ಕೊನೆಯಲ್ಲಿರುವಾಗಲೇ, ಕ್ಲಚ್ ಒತ್ತಿ ಮೂರನೆಯ ಗೇರಿಗೆ ಹೋಗಬೇಕು. 4.3 ಹಾಕಿದರೆ ಆ ಬದಲಾವಣೆ ತಿರುವಿನ ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಹಾಗಾದರೆ 4.778 ಹಾಕಿ ಇಡೀ ತಿರುವನ್ನು ಮೂರನೆಯ ಗೇರಿನಲ್ಲೇ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಮುಗಿಸಬಹುದು, ಆ ಗೇರ್ 117ರವರೆಗೆ ಎಳೆಯುತ್ತದೆ. ಆದರೆ 4.778 ಮತ್ತು 1.330ರ ಗುಣಲಬ್ಧ 6.35, ಅದೇ 3.636 ಮತ್ತು 1.888ರ ಗುಣಲಬ್ಧ 6.86. ಎಲ್ಲಕ್ಕಿಂತ ಮಂದ ಎನಿಸಿಕೊಂಡ ಫೈನಲ್ ಡ್ರೈವ್, ಎಲ್ಲಕ್ಕಿಂತ ಚುರುಕು ಎನಿಸಿಕೊಂಡದ್ದಕ್ಕಿಂತ ಆ ತಿರುವಿನಲ್ಲಿ ಹೆಚ್ಚು ಗುಣಕವನ್ನು (ಎಂಜಿನ್ನಿನ ತಿರುಚುಬಲ ಎಷ್ಟು ಪಟ್ಟಾಗಿ ಚಕ್ರಕ್ಕೆ ತಲುಪುತ್ತದೆ ಎಂಬ ಅಂಕಿ) ಕೊಡುತ್ತದೆ! ಈ ಎರಡು ಗುಣಾಕಾರಗಳನ್ನು ಮಾಡಿ ನೋಡಿದ ಮೇಲೆ ದೊಡ್ಡ ಅಂಕಿಯ ಮೋಹ ನನಗೆ ಪೂರ್ತಿ ಬಿಟ್ಟುಹೋಯಿತು.

3.909ರಲ್ಲಿ ಗುಣಕ 7.38, ಗೇರ್ ಮುಗಿಯುವುದು ಸ್ಟಿಯರಿಂಗ್ ನೇರವಾದ ಸ್ವಲ್ಪವೇ ನಂತರ. ನೇರ ಹಾದಿಯ ಕೊನೆಯಲ್ಲಿ ಬ್ರೇಕ್ ಹಿಡಿಯುವ 165ರಲ್ಲಿ, ನಾಲ್ಕನೆಯ ಗೇರಿನಲ್ಲಿ 6070 ಆರ್‌ಪಿಎಂ ಇರುತ್ತದೆ. 3.636ರಲ್ಲಿ ಮೂರನೆಯ ಗೇರೇ 154ರವರೆಗೆ ಹೋಗುವುದರಿಂದ, ಬ್ರೇಕಿಗೆ ತುಸು ಮೊದಲು ಬರಿದೇ ಒಂದು ಗೇರ್ ಬದಲಾವಣೆ ಬೀಳುತ್ತದೆ. 4.778ರಲ್ಲಿ ನಾಲ್ಕನೆಯದು 156ಕ್ಕೇ ಮುಗಿದು ಐದನೆಯದಕ್ಕೆ ಹೋಗಬೇಕಾಗುತ್ತದೆ.

ಎರಡನೆಯ ಪೀಳಿಗೆಯ ಆರು ಗೇರಿನ ಎಂಎಕ್ಸ್-5 ಕಾರುಗಳಲ್ಲಿ 3.909 ಬಂದಿರುವುದರಿಂದ ಭಾಗ ಸಿಗುವುದು ಕಷ್ಟವಲ್ಲ. 1.6 ಲೀಟರ್ ಕಾರಿನ ಚಿಕ್ಕ ಡಿಫರೆನ್ಷಿಯಲ್ (ಎರಡು ಹಿಂಚಕ್ರಗಳಿಗೆ ಶಕ್ತಿ ಹಂಚುವ, ಕ್ರೌನ್ ಪಿನಿಯನ್ ಕೂರುವ ಭಾಗ) ಮಾತ್ರ ಇದಕ್ಕೆ ಹೊಂದುವುದಿಲ್ಲ. ಸಾಧ್ಯವಾದವರು ಡಿಫರೆನ್ಷಿಯಲ್ಲನ್ನು ಇಡಿಯಾಗಿಯೇ ಬದಲಿಸುವುದು ಜಾಣತನ. ನನ್ನ ಡಿಫರೆನ್ಷಿಯಲ್ಲನ್ನು ಉಳಿಸಿಕೊಳ್ಳಬೇಕೆಂದಿದ್ದ ಕಾರಣ ನಾನು 43 ಮತ್ತು 11 ಹಲ್ಲುಗಳ ಕ್ರೌನ್ ಪಿನಿಯನ್ ಜೋಡಿಯನ್ನಷ್ಟೇ ಕೂರಿಸಿದೆ. ಕೆಲಸದ ಸೂಕ್ಷ್ಮವೆಲ್ಲ ಇರುವುದು ಇಲ್ಲೇ. ಕ್ರೌನ್ ಹಲ್ಲುಗಳಿಗೆ ಹಳದಿ ಬಣ್ಣದ ಗುರುತಿನ ಲೇಪ ಸವರಿ, ಪಿನಿಯನ್ನಿಗೆ ತುಸು ತಡೆ ಕೊಟ್ಟು ತಿರುಗಿಸಿದರೆ, ಹಲ್ಲುಗಳು ಒಂದಕ್ಕೊಂದು ಒತ್ತಿದಲ್ಲಿ ಲೇಪ ಅಳಿದು ಅಂಡಾಕಾರದ ಮಚ್ಚೆಯೊಂದು ಮೂಡುತ್ತದೆ. ಮಚ್ಚೆ ಹಲ್ಲಿನ ತುದಿಯತ್ತ ಇದ್ದರೆ ಪಿನಿಯನ್ ದೂರವಾಗಿದೆ, ಬುಡದತ್ತ ಇದ್ದರೆ ತೀರ ಹತ್ತಿರವಾಗಿದೆ ಎಂದರ್ಥ. ಅದು ನಡುವೆ ಬರುವವರೆಗೆ ಶಿಮ್ (ಅಂತರ ಸರಿಹೊಂದಿಸುವ ತೆಳು ಬಿಲ್ಲೆ) ಬದಲಿಸುತ್ತಾ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಅನ್ನು ಡಯಲ್ ಗೇಜಿನಲ್ಲಿ ಮತ್ತೆ ಮತ್ತೆ ನೋಡುತ್ತಾ ಹೋಗಬೇಕು. ಅವಸರ ಮಾಡಿದವರ ಕಾರು ಓಡುವಾಗ ಊಳಿಡುತ್ತದೆ.

ಈ ಕಾರಿನ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದಲೇ ಹೊರಡುತ್ತದೆ. ಆದ್ದರಿಂದ 3.909 ಹಾಕಿದ ಮೇಲೆ ಮುಳ್ಳು ಮೊದಲಿಗಿಂತ ಸುಮಾರು ಐದು ಶೇಕಡಾ ಕಡಿಮೆ ತೋರಿಸುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅದು ಅಪಾಯ; ಕೇಬಲ್ ಬುಡದ ಪುಟ್ಟ ಪ್ಲಾಸ್ಟಿಕ್ ಗೇರನ್ನೂ ಬದಲಿಸಿಕೊಂಡೆ. ಐದನೆಯ ಗೇರಿನಲ್ಲಿ 100ಕ್ಕೆ 3140 ಇದ್ದ ಆರ್‌ಪಿಎಂ ಈಗ 3000ಕ್ಕೆ ಇಳಿದಿದೆ. ನಿಂತಲ್ಲಿಂದ ಹೊರಡುವಾಗ ಕಾರು ತುಸು ಸೋಮಾರಿಯಾಗಿರುವುದನ್ನು ಅಲ್ಲಗಳೆಯಲಾರೆ. ಆ ತಿರುವು 90ಕ್ಕೇ ನೇರವಾಗುವಂತಿದ್ದರೆ ನಾನು 4.1 ಅನ್ನು ಮುಟ್ಟುತ್ತಲೇ ಇರಲಿಲ್ಲ. ಮುಂದೆ 15 ಅಂಗುಲದ ಚಕ್ರಕ್ಕೆ ಹೋಗುವುದಾದರೂ 195/50 ಟೈರನ್ನೇ ಹಾಕುತ್ತೇನೆ, ಅದರ ವ್ಯಾಸ ಈಗಿನದಕ್ಕೆ ಹೆಚ್ಚುಕಡಿಮೆ ಸಮ. 205/50 ಹಾಕಿದರೆ ಅದು ಒಂದೂವರೆ ಶೇಕಡಾ ದೊಡ್ಡದಾಗಿ, ಎರಡನೆಯ ಗೇರ್ 102ರವರೆಗೆ ಚಾಚಿಕೊಳ್ಳುತ್ತದೆ.