ಫ್ಲೈ ಕಟ್ಟುವ ವೈಸಿಗೆ ಅಂಗಡಿಯ ತೂಕದ ಕಲ್ಲು

ಗಾಳಕ್ಕೆ ಹುಂಜದ ಗರಿ, ದಾರ ಸುತ್ತಿ ಹುಳುವಿನ ಹಾಗೆ ಕಾಣುವ ಫ್ಲೈ ಕಟ್ಟೋದು ನನ್ನ ಭಾನುವಾರದ ಹುಚ್ಚು. ಗುಬ್ಬಿ ಕಡೆ ಗೆಳೆಯನ ತೋಟದ ಹೊಂಡದಲ್ಲಿ ಜಿಲೇಬಿ ಮೀನಿದೆ, ಅದಕ್ಕೇ ಇಷ್ಟೆಲ್ಲ. ಗಾಳ ಕಚ್ಚಿ ಹಿಡಿಯುವ ವೈಸಿನ ಜೊತೆ ಮೇಜಿನಂಚಿಗೆ ಬಿಗಿಯುವ ಕ್ಲಾಂಪ್ ಬಂದಿತ್ತು. ತುಮಕೂರಿನ ನಮ್ಮ ಮನೆಯ ಮೇಜಿನ ಅಂಚು ಅದರ ಬಾಯಿಗಿಂತ ದಪ್ಪ. ಪೀಠ ನಾನೇ ಮಾಡಿಕೊಳ್ಳಬೇಕಾಯಿತು.

ಮೊದಲು ಉದ್ದನೆಯ ಐಸ್‌ಕ್ರೀಮ್ ಡಬ್ಬಕ್ಕೆ ಸಿಮೆಂಟು, ಮರಳು ಕಲೆಸಿ ಸುರಿದು ನಡುವೆ ಪೈಪು ನೆಟ್ಟೆ. ಎರಡು ಕಿಲೋ ತೂಗಿತು. ಸಾಕು ಅಂದುಕೊಂಡೆ. ಮೂರನೇ ಫ್ಲೈಗೆ ದಾರ ಜಗ್ಗಿದ್ದೇ ತಡ, ಪೀಠ ನನ್ನ ಕಡೆಗೇ ಮಗುಚಿ ಗಾಳ ಹೆಬ್ಬೆರಳಿಗೆ ಇಳಿಯಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಲೆಕ್ಕ ಹಾಕಿದೆ: ಮೇಜಿನಿಂದ 20 ಸೆಂ.ಮೀ. ಎತ್ತರದಲ್ಲಿ ಅರ್ಧ ಕಿಲೋ ಜಗ್ಗಿದರೆ ಮಗುಚುವ ಎಳೆತ 20 × 0.5, ಅಂದರೆ 10. ಅದನ್ನು ತಡೆಯಬೇಕಾದ್ದು ಪೀಠದ ತೂಕ ಗುಣಿಸು ನಡುವಿನಿಂದ ಅಂಚಿಗಿರುವ ದೂರ, ಅಂದರೆ 2 × 4.5, ಬರೀ 9. ಬೀಳದೆ ಇನ್ನೇನು? ನನಗೆ ಬೇಕಿದ್ದದ್ದು ಭಾರಕ್ಕಿಂತ ಹೆಚ್ಚಾಗಿ ಅಗಲ.

ಅಗಲಕ್ಕೆ ಗ್ರಾನೈಟ್. ಸಿರಾ ಗ್ರೇ ಅನ್ನುವ ಗ್ರಾನೈಟ್ ಹುಟ್ಟುವ ಜಿಲ್ಲೆಯಲ್ಲಿದ್ದುಕೊಂಡು ಕಲ್ಲಿಗೆ ಬರವೇ? ಗ್ರಾನೈಟ್ ಅಂಗಡಿಯ ಹಿಂದೆ ಬಿದ್ದಿದ್ದ 20 ಮಿ.ಮೀ. ದಪ್ಪದ ತುಂಡನ್ನು 8 × 6 ಇಂಚಿಗೆ ಕತ್ತರಿಸಿಕೊಟ್ಟರು. ಸುಮಾರು 1.6 ಕಿಲೋ. ಆದರೆ ವೈಸಿನ ಕಂಬ ನಿಲ್ಲಿಸಲು ಗ್ರಾನೈಟಿಗೆ ತೂತು ಹಾಕಬೇಕೆಂದರೆ ಡೈಮಂಡ್ ಬಿಟ್ ಬೇಕು, ನೀರು ಬೇಕು. ಹಾಕಿದರೂ ಒಳಗೆ ಸ್ಕ್ರೂ ಕಚ್ಚಿಕೊಳ್ಳುವ ಗೆರೆ ನಿಲ್ಲುವುದಿಲ್ಲ. ಆಗ ನೆನಪಾದದ್ದು ಅಟ್ಟದ ಮೇಲಿದ್ದ, ಅಪ್ಪನ ದಿನಸಿ ಅಂಗಡಿಯ ಆರು ಮೂಲೆಯ ಎರಡು ಕಿಲೋ ತೂಕದ ಕಲ್ಲು. ಹೆಸರಿಗೆ ಕಲ್ಲು, ನಿಜಕ್ಕೆ ಬೀಡು, ಅಂದರೆ ಎರಕದ ಕಬ್ಬಿಣ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ವೈಸಿನ ಕಂಬ ಮೂರು ಸೂತ, ಅಂದರೆ 9.5 ಮಿ.ಮೀ. ಕೈಡ್ರಿಲ್ಲಿನಲ್ಲಿ ನೆಟ್ಟಗೆ ಬರಲ್ಲ ಅಂತ ಲೇತ್ ಅಂಗಡಿಗೆ ಒಯ್ದೆ. ನಾನು ಎಣ್ಣೆ ಡಬ್ಬಿಗೆ ಕೈ ಹಾಕಿದಾಗ ಮೇಸ್ತ್ರಿ, "ಬೀಡಿಗೆ ಎಣ್ಣೆ ಬೇಡ ಸಾರ್, ಪುಡಿ ಅಂಟ್ಕೊಂಡು ಕೆಸರಾಗ್ತದೆ" ಅಂದರು. ನಿಜ, ಸುರುಳಿ ಬರಲೇ ಇಲ್ಲ; ಸೀಸದ ಕಡ್ಡಿ ಚೂಪು ಮಾಡಿದಂತೆ ಕರಿ ಪುಡಿ ಉದುರುತ್ತಿತ್ತು. ತೂತನ್ನು ನಡುವೆ ಹಾಕಿಸದೆ ಒಂದು ಮಗ್ಗುಲಿಗೆ, ಅಂಚಿನಿಂದ ಒಂದೂವರೆ ಸೆಂ.ಮೀ. ಒಳಗೆ ಹಾಕಿಸಿದೆ. ಅದರಿಂದ ಅಡಿಯಲ್ಲಿ ಸೀಸ ತುಂಬಿ ಮುದ್ರೆ ಒತ್ತಿದ ಗುಂಡಿಗೆ ಡ್ರಿಲ್ ತಾಗುವುದು ತಪ್ಪಿತು. ಪಕ್ಕದಿಂದ 6 ಮಿ.ಮೀ. ಟ್ಯಾಪ್ ಹೊಡೆದು, ಅಂದರೆ ಸ್ಕ್ರೂ ಗೆರೆ ಕೊರೆದು, ಕಂಬವನ್ನು ಒತ್ತಿ ಹಿಡಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಕೂರಿಸುವುದೂ ಸುಲಭವಾಯಿತು. 3 ಸೆಂ.ಮೀ. ಆಳದ ತೂತಿನಲ್ಲಿ ಹೋದದ್ದು ಹದಿನೈದು ಗ್ರಾಂ ಇರಬಹುದು. ಅಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿ, "ಜೀವಮಾನದಲ್ಲಿ ನಾನು ಮಾಡದ ಕಳ್ಳತೂಕ ನೀನು ಮಾಡಿದೆಯಲ್ಲೋ" ಅಂದರು.

ಅಂಟಿಸುವಾಗ ಇನ್ನೊಂದು ಎಡವಟ್ಟು. ಚೆಂದ ಕಾಣಲಿ ಅಂತ ಗ್ರಾನೈಟಿನ ಪಾಲಿಶ್ ಮುಖ ಮೇಲೆ ಮಾಡಿ, ಅದಕ್ಕೇ ಅರಾಲ್ಡೈಟ್ ಹಚ್ಚಿದ್ದೆ. ಮಾರನೆ ದಿನ ಕಂಬ ಹಿಡಿದು ಎತ್ತಿದರೆ ಬೀಡು ಕೈಗೆ ಬಂತು, ಕಲ್ಲು ಮೇಜಿನ ಮೇಲೇ ಉಳಿಯಿತು. ನುಣುಪಿಗೆ ಅಂಟು ಕಚ್ಚುವುದಿಲ್ಲ. ಕಲ್ಲು ಮಗುಚಿ ಒರಟು ಮುಖ ಮೇಲೆ ಮಾಡಿದೆ, ಬೀಡಿನ ಅಡಿಯ ಬಣ್ಣ ಕೆರೆದೆ, ಎರಡನ್ನೂ ಒರೆಸಿ ಒಣಗಿಸಿ ಮತ್ತೆ ಅಂಟಿಸಿ ಒಂದು ದಿನ ಮುಟ್ಟಲಿಲ್ಲ. ಬೀಡು ಕೂತಿರುವುದು ಕಲ್ಲಿನ ಎಡತುದಿಯಲ್ಲಿ. ವೈಸಿನ ಮೂತಿ ಬಲಕ್ಕೆ ಚಾಚುವುದರಿಂದ ಗಾಳದ ಕೆಳಗೂ ಕಲ್ಲು ಇರುತ್ತದೆ. ಅಡಿಗೆ ಸೈಕಲ್ ಟ್ಯೂಬಿನ ನಾಲ್ಕು ತುಂಡು.

ಈಗ ಒಟ್ಟು 3.6 ಕಿಲೋ, ನಡುವಿನಿಂದ ನನ್ನ ಕಡೆಯ ಅಂಚಿಗೆ ಮೂರು ಇಂಚು, ಅಂದರೆ 7.6 ಸೆಂ.ಮೀ.; ಆಗ 9 ಇದ್ದ ಲೆಕ್ಕ ಈಗ 25 ದಾಟುತ್ತದೆ. ದಾರ ಹರಿಯುತ್ತದೆಯೇ ಹೊರತು ಪೀಠ ಅಲುಗಲ್ಲ. ಗುಬ್ಬಿಗೆ ಮಾತ್ರ ಹೊತ್ತೊಯ್ಯುವುದಿಲ್ಲ. ಅಲ್ಲಿ ತೋಟದ ಮನೆಯ ಹಲಗೆ ತೆಳ್ಳಗಿದೆ, ಹಳೇ ಕ್ಲಾಂಪೇ ಸಾಕು.