ಅಣಶಿ ಕಾಡಿನ ಮನೆಯಲ್ಲಿ ಎರಡು ರಾತ್ರಿ: ಘಟ್ಟ ಹತ್ತುವ ಮೊದಲು ಇಷ್ಟು ಗೊತ್ತಿರಲಿ

ಕಾರವಾರದ ಕಡಲ ತೀರದಿಂದ ಅಣಶಿಗೆ 50 ಚಿಲ್ಲರೆ ಕಿಲೋಮೀಟರ್. ಬೆಳಿಗ್ಗೆ ಅಲೆಯಲ್ಲಿ ಕಾಲು ತೋಯಿಸಿ, ಮಧ್ಯಾಹ್ನದ ಹೊತ್ತಿಗೆ ಹುಲಿ ಕಾಡಿನೊಳಗೆ ಅನ್ನಕ್ಕೆ ಎಸರಿಡಬಹುದು. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 2007ರಲ್ಲಿ ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಈಗೀಗ ಜನ ರೆಸಾರ್ಟಿನ ಬಫೆ ಬೇಡ, ನಾವೇ ಬೇಯಿಸಿಕೊಂಡು ತಿನ್ನುತ್ತೇವೆ, ಒಂದು ಬಿಡಿ ಮನೆ ಸಿಕ್ಕರೆ ಸಾಕು ಅನ್ನುತ್ತಿದ್ದಾರೆ. ಒಳ್ಳೆಯದೇ. ಆದರೆ ಅಲ್ಲಿ ಸುಖವಾಗಿರುವುದೋ ಪೇಚಾಡುವುದೋ ಅನ್ನುವುದು ಮುಕ್ಕಾಲು ಪಾಲು ಕಾರವಾರದಲ್ಲೇ ತೀರ್ಮಾನ ಆಗಿಬಿಡುತ್ತದೆ.

ಬುಕ್ ಮಾಡುವಾಗ ಏನು ಕೇಳಬೇಕು

ಉಳಿಯಲು ಮೂರು ಬಗೆಯ ಜಾಗ ಇವೆ. ಒಂದು, ಅಣಶಿ ಮತ್ತು ಕುಳಗಿಯಲ್ಲಿ ಅರಣ್ಯ ಇಲಾಖೆ ನಡೆಸುವ ಪ್ರಕೃತಿ ಶಿಬಿರ. ಇನ್ನೊಂದು ಇಲಾಖೆಯ ಹಳೇ ವಿಶ್ರಾಂತಿಗೃಹ, ನಮ್ಮ ಜನ ಐಬಿ ಅನ್ನುವುದು. ಮೂರನೆಯದು ಜೋಯಿಡಾ ತಾಲ್ಲೂಕಿನ ಊರುಗಳಲ್ಲಿರುವ ಹೋಮ್‌ಸ್ಟೇ ಮತ್ತು ಕಾಟೇಜುಗಳು. ಶಿಬಿರ ಅಂದರೆ ಸಾಮಾನ್ಯವಾಗಿ ಊಟ ಅವರದ್ದೇ, ಹೊತ್ತೂ ಅವರದ್ದೇ. ಐಬಿಗೆ ಇಲಾಖೆ ಕಚೇರಿಯ ಅನುಮತಿ ಬೇಕು. ನೀವೇ ಅಡುಗೆ ಮಾಡಿಕೊಳ್ಳಬೇಕು ಅಂತಿದ್ದರೆ ಮೂರನೆಯದನ್ನೇ ಹುಡುಕಿ. ಅದೇ ತಾಲ್ಲೂಕಿನ ಉಳವಿಯಲ್ಲಿ ಚನ್ನಬಸವಣ್ಣನ ಜಾತ್ರೆ ನಡೆಯುವ ಹೊತ್ತಿನಲ್ಲಿ ಮಾತ್ರ ಮುಂಚೆಯೇ ಫೋನ್ ಮಾಡಿ. ಆಗ ಆ ಕಡೆಯ ರಸ್ತೆ, ರೂಮು ಎರಡೂ ಭರ್ತಿ.

ಫೋಟೋ ನೋಡಿ ದುಡ್ಡು ಕಟ್ಟಬೇಡಿ. ಎಲ್ಲ ಫೋಟೋದಲ್ಲೂ ಕಾಡು ಹಸಿರಾಗೇ ಇರುತ್ತದೆ. ಫೋನ್ ಮಾಡಿ ಒಲೆ ಗ್ಯಾಸಿನದ್ದೋ ಕಟ್ಟಿಗೆಯದ್ದೋ, ಸಿಲಿಂಡರ್ ತುಂಬಿದೆಯೋ ಅರ್ಧ ಖಾಲಿಯೋ, ಕುಕ್ಕರ್ ಇದೆಯಾ, ಇದ್ದರೆ ಅದರ ರಬ್ಬರ್ ಸರಿ ಇದೆಯಾ, ಫ್ರಿಜ್ ಇದೆಯಾ, ಕರೆಂಟ್ ಹೋದರೆ ಇನ್ವರ್ಟರ್ ಉಂಟಾ, ನೀರು ಬಾವಿಯದ್ದೋ ಹಳ್ಳದಿಂದ ಪೈಪ್ ಹಾಕಿದ್ದೋ, ಕಾರು ಬಾಗಿಲವರೆಗೆ ಹೋಗುತ್ತದೋ ಇಲ್ಲಾ ಸಾಮಾನು ಹೊತ್ತುಕೊಂಡು ಇಳಿಯಬೇಕೋ, ಎಲ್ಲ ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ಮಾಲೀಕರ ಮನೆ ನನಗಂತೂ ಬೇಡ. ಯಾವ ಸಿಮ್ ಸಿಗುತ್ತದೆ ಅಂತಲೂ ವಿಚಾರಿಸಿ. ಘಟ್ಟದಲ್ಲಿ ಸಿಗ್ನಲ್ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಮನೆಯವರಿಗೆ ಎಲ್ಲಿ ಉಳಿಯುತ್ತೀರಿ, ಯಾವತ್ತು ವಾಪಸ್ ಅಂತ ಮೊದಲೇ ಹೇಳಿಡಿ. ಎಲ್ಲರ ಆಧಾರ್ ಜೆರಾಕ್ಸ್ ಚೀಲದಲ್ಲಿರಲಿ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಮಳೆಗಾಲದ ಘಟ್ಟ ನೋಡಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಹೊಸದಲ್ಲ. ಮೇಲೆ ಸಿಕ್ಕಿಹಾಕಿಕೊಂಡರೆ ದಾಂಡೇಲಿ ಸುತ್ತಿ ಇಳಿಯಬೇಕು. ಉಂಬಳಗಳಂತೂ, ಅಂದರೆ ಜಿಗಣೆಗಳು, ಕಾಲು ಕೆಳಗಿಡುವುದನ್ನೇ ಕಾಯುತ್ತಿರುತ್ತವೆ. ಹೋಗಲೇಬೇಕು ಅಂದರೆ ಹರಳುಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೈಯಲ್ಲಿಟ್ಟುಕೊಳ್ಳಿ. ಕಚ್ಚಿದ ಉಂಬಳಕ್ಕೆ ಒತ್ತಿದರೆ ಬಿಟ್ಟು ಬೀಳುತ್ತದೆ.

ಸಾಮಾನು: ಇದೇ ದೊಡ್ಡ ಕೆಲಸ

ಕದ್ರಾ ದಾಟಿದ ಮೇಲೆ ಅಂಗಡಿ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಪೆಟ್ರೋಲ್, ಎಟಿಎಂ, ಔಷಧ, ಎಲ್ಲ ಕಾರವಾರದಲ್ಲೇ ಮುಗಿಯಲಿ. ಭಾನುವಾರ ಹೊರಡುವುದಾದರೆ ಕಾರವಾರದ ಸಂತೆ ಇರುತ್ತದೆ, ಸುತ್ತಲಿನ ಹಳ್ಳಿಯವರು ತಂದ ತರಕಾರಿ ಅಲ್ಲೇ ಸಿಗುತ್ತದೆ.

ಫ್ರಿಜ್ ಇಲ್ಲ ಅಂದುಕೊಂಡೇ ಕೊಳ್ಳಿ. ಬಸಳೆ, ಹರಿವೆ ಮೊದಲ ರಾತ್ರಿಗೆ. ಮೊಗೆಕಾಯಿ, ಸುವರ್ಣಗೆಡ್ಡೆ ಮರುದಿನಕ್ಕೆ, ಅವು ಕೆಡುವುದಿಲ್ಲ. ಬೇಸಿಗೆಯಲ್ಲಾದರೆ ಕುಮಟಾ ಕಡೆ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ನೇತುಹಾಕಿರುವ ಸಿಹಿ ಈರುಳ್ಳಿ ಒಂದು ಗೊಂಚಲು ತನ್ನಿ, ಕಾಡಿನ ಮನೆಯಲ್ಲೂ ಹಾಗೇ ಮೊಳೆಗೆ ನೇತುಹಾಕಿ. ಮೊಸರು ಎರಡನೇ ದಿನಕ್ಕೆ ಹುಳಿ ಬರುತ್ತದೆ. ಅದನ್ನು ಚೆಲ್ಲಬೇಡಿ, ತಂಬುಳಿ ಮಾಡಿ. ಶಿರಸಿ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ ಬಿಡಿ. ಬೆಳಗಿನ ತಿಂಡಿಗೆ ಅವಲಕ್ಕಿಗಿಂತ ಸುಲಭ ಇನ್ನೊಂದಿಲ್ಲ: ತೆಳು ಅವಲಕ್ಕಿ, ಕಾಯಿತುರಿ, ಬೆಲ್ಲ ಅಥವಾ ಮೆಣಸಿನಪುಡಿ, ಒಲೆ ಹಚ್ಚುವ ಕೆಲಸವೂ ಇಲ್ಲ. ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಬಾಟಲಿ, ಮುರುಗಲ (ಕೋಕಂ) ಸಿಪ್ಪೆ ಒಂದು ಹಿಡಿ.

ಅನ್ನದ ವಿಷಯ ಸ್ವಲ್ಪ ಯೋಚಿಸಿ. ಕುಚಲಕ್ಕಿ ಗಂಜಿ ರುಚಿ ನಿಜ, ಆದರೆ ಬೇಯಲು ಹೊತ್ತು ಹಿಡಿಯುತ್ತದೆ, ಅರ್ಧ ಸಿಲಿಂಡರಿನ ಮನೆಯಲ್ಲಿ ಅದು ದುಬಾರಿ. ಬೆಳ್ತಿಗೆ ಅಕ್ಕಿ ಒಯ್ಯಿರಿ, ಕುಚಲಕ್ಕಿಯೇ ಬೇಕು ಅಂದರೆ ರಾತ್ರಿಯೇ ನೆನೆಹಾಕಿ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕಿ, ಘಟ್ಟದ ತಂಪಿಗೆ ಉಪ್ಪು ನೀರು ಬಿಡುತ್ತದೆ. ಬೆಂಕಿಪೊಟ್ಟಣ ಬಿಗಿ ಮುಚ್ಚಳದ ಡಬ್ಬಿಯಲ್ಲಿ. ಚಹಾಪುಡಿ, ಸಕ್ಕರೆ ಮರೆತು ಹೋದವರ ಮುಖ ನೋಡುವ ಹಾಗಿರುವುದಿಲ್ಲ.

ಮೀನು ಒಯ್ಯಬೇಡಿ. ಕಾರವಾರದಲ್ಲಿ ಇದನ್ನು ಹೇಳಲು ಧೈರ್ಯ ಬೇಕು, ಗೊತ್ತು. ಬಂಗಡೆಯ ತಲೆ, ಬಾಲ ತೊಳೆದ ನೀರನ್ನು ಹಿತ್ತಿಲಿಗೆ ಚೆಲ್ಲಿದರೆ ರಾತ್ರಿ ಯಾರ್ಯಾರು ಮೂಸಿಕೊಂಡು ಬರುತ್ತಾರೋ ಹೇಳಲಾಗದು. ಹೊರಡುವ ಮೊದಲು ಊರಲ್ಲೇ ಹೊಟ್ಟೆ ತುಂಬ ತಿಂದು ಹೋಗಿ. ತಡೆಯಲಾಗದಿದ್ದರೆ ಒಣ ಸಿಗಡಿ ಚಟ್ನಿ ಮನೆಯಲ್ಲೇ ಮಾಡಿ ಬಾಟಲಿಗೆ ತುಂಬಿಕೊಳ್ಳಿ.

ಇನ್ನು ಜೋಯಿಡಾ ಕಡೆ ಚಳಿಗಾಲದಲ್ಲಿ ಹೋದರೆ, ಅಲ್ಲಿನ ಕುಣಬಿ ಜನ ಬೆಳೆಯುವ ಗೆಡ್ಡೆ-ಗೆಣಸು ಸಿಗುತ್ತದಾ ಕೇಳಿ. ಅದಕ್ಕೇ ಅಲ್ಲಿ ಮೇಳ ಕೂಡ ನಡೆಯುತ್ತದೆ. ಮುಡ್ಲಿ ಸಿಕ್ಕರೆ ಬಿಡಬೇಡಿ, ಬೇಯಿಸಿ ಸಿಪ್ಪೆ ತೆಗೆದು ಉಪ್ಪು ಹಚ್ಚಿ ತಿಂದರೂ ಸಾಕು.

ಘಟ್ಟ ಹತ್ತುವಾಗ

ಮಧ್ಯಾಹ್ನ ಮೂರರೊಳಗೆ ತಲುಪುವ ಹಾಗೆ ಹೊರಡಿ. ತಿರುವುಗಳಲ್ಲಿ ಹಾರ್ನ್, ಉಳಿದ ಕಡೆ ಸುಮ್ನೆ ಹೋಗಿ. ಮಂಗ ಕಂಡಿತು ಅಂತ ಕಾರು ನಿಲ್ಲಿಸಿ ಬಿಸ್ಕತ್ ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆ ಕಲಿತ ಮಂಗವೇ ಮುಂದೆ ನಿಮ್ಮ ಅಡುಗೆಮನೆಗೆ ಕೈ ಹಾಕುವುದು. ಕದ್ರಾ ಅಣೆಕಟ್ಟಿನ ಆಚೀಚೆ ನದಿ ಎಷ್ಟೇ ಶಾಂತವಾಗಿ ಕಂಡರೂ ನೀರಿಗೆ ಇಳಿಯಬೇಡಿ. ಕಾಳಿಗೆ ಸಾಲು ಅಣೆಕಟ್ಟು ಕಟ್ಟಿದ್ದಾರೆ, ಸೂಪಾ, ಕೊಡಸಳ್ಳಿ, ಕದ್ರಾ. ಗೇಟ್ ತೆಗೆದರೆ ಕೆಳಗಿನ ಮಟ್ಟ ಏರಲು ಹೊತ್ತು ಬೇಡ. ಮೇಲೆ ದಾಂಡೇಲಿ ಕಡೆ ಮೊಸಳೆಗಳೂ ಇವೆ.

ಬಾಗಿಲು ತೆಗೆದ ಕೂಡಲೇ

ಚೀಲ ಬಿಚ್ಚುವ ಮೊದಲು ಒಂದು ಸುತ್ತು ಹೊಡೆಯಿರಿ. ಗ್ಯಾಸಿನ ವಾಸನೆ ಇದೆಯಾ ನೋಡಿ, ಕಿಟಕಿ ತೆರೆದು ಆಮೇಲೆ ಒಲೆ ಹಚ್ಚಿ. ಎಲ್ಲ ನಲ್ಲಿ ತಿರುಗಿಸಿ. ಮೊದಲು ಬರುವ ಕೆಂಪು ನೀರು ಹೋಗಲಿ, ಆಮೇಲೆ ಎರಡು ಬಕೆಟ್ ತುಂಬಿಡಿ, ಯಾಕೆಂದರೆ ಕರೆಂಟ್ ಹೋದರೆ ಪಂಪೂ ಹೋಯಿತು. ಕುಡಿಯಲು ಕುದಿಸಿದ್ದೇ ಆಗಲಿ. ಹಾಸಿಗೆ ಕೊಡವಿ, ಮಂಚದ ಕೆಳಗೆ, ಬಚ್ಚಲ ಮೂಲೆಗೆ ಟಾರ್ಚ್ ಬಿಡಿ. ಬೆಳಿಗ್ಗೆ ಶೂ ಹಾಕುವ ಮುಂಚೆ ತಲೆಕೆಳಗೆ ಮಾಡಿ ಬಡಿಯಿರಿ.

ಅಡುಗೆಮನೆ ಕಿಟಕಿಗೆ ಸರಳು ಇದೆ ಅಂತ ಸುಮ್ಮನಿರಬೇಡಿ. ಮಂಗ ಸರಳಿನ ಸಂದಿಯಲ್ಲಿ ಭುಜದವರೆಗೆ ಕೈ ತೂರಿಸುತ್ತದೆ. ಬಾಳೆಹಣ್ಣಿನ ಚಿಪ್ಪು ಇಡಿಯಾಗಿ ಹೊರಗೆ ಬರುವುದಿಲ್ಲ ಅಂತ ಗೊತ್ತಾದ ಕೂಡಲೇ ಒಂದೊಂದೇ ಹಣ್ಣು ಕಿತ್ತು ಬಾಯಿಗೆ ಹಾಕುತ್ತದೆ, ಸಿಪ್ಪೆ ಮಾತ್ರ ನಿಮ್ಮ ಕಟ್ಟೆ ಮೇಲೇ ಬಿಸಾಡುತ್ತದೆ. ಹಣ್ಣು, ಬ್ರೆಡ್ಡು ಎಲ್ಲ ಮುಚ್ಚಳ ಇರುವ ಡಬ್ಬಿಯೊಳಗೆ, ಡಬ್ಬಿ ಕಿಟಕಿಯಿಂದ ದೂರ. ಇರುವೆಗೆ ಸುಲಭ ಉಪಾಯ: ಅಗಲ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಪಾತ್ರೆ ಇಡಿ.

ಕತ್ತಲಾದ ಮೇಲೆ ಜಗಲಿಯೇ ಗಡಿ. ರಸ್ತೆವರೆಗೆ ಒಂದು ವಾಕ್ ಹೋಗಿ ಬರೋಣ ಅನ್ನುವ ಭಾವ, ಮಾವಂದಿರನ್ನು ಕೂರಿಸಿ. ಕರಿ ಚಿರತೆಗೆ ಹೆಸರಾದ ಕಾಡಿದು, ಕರಡಿಯೂ ಇದೆ. ಅಂಗಳದಲ್ಲಿ ಕ್ಯಾಂಪ್‌ಫೈರ್ ಬೇಡವೇ ಬೇಡ. ಕಾಡಿಗೆ ಬೆಂಕಿ ಹಾಕುವುದು, ಪ್ರಾಣಿಗಳನ್ನು ಕೆಣಕುವುದು, ಕಸ ಚೆಲ್ಲುವುದು ಎಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪರಾಧ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಬಿಟ್ಟು ಬನ್ನಿ. ಹಾಡು ಕೇಳುವುದಕ್ಕೆ ಕಾರವಾರದ ಮನೆ ಸಾಲದಾ? ಪ್ರಾಣಿ ಕಾಣುತ್ತದೆ ಅಂತ ಲೆಕ್ಕ ಹಾಕಿಕೊಂಡು ಬಂದರೆ ನಿರಾಸೆ ಜಾಸ್ತಿ. ಆದರೆ ಬೆಳಿಗ್ಗೆ ಚಹಾ ಹಿಡಿದು ಜಗಲಿಯಲ್ಲಿ ಮಾತಿಲ್ಲದೆ ಕೂತರೆ ಮಂಗಟ್ಟೆ ಹಕ್ಕಿ ಸಿಗುವ ಸಾಧ್ಯತೆ ಇದೆ. ಈ ಕಾಡಿನಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ದೊಡ್ಡದು ತಲೆ ಮೇಲೆ ಹಾರಿದರೆ ಕಣ್ಣಿಗಿಂತ ಮೊದಲು ರೆಕ್ಕೆಯ ಸದ್ದೇ ತಿಳಿಯುತ್ತದೆ. ಹಣ್ಣು ಬಿಟ್ಟ ಆಲ, ಬಸರಿ ಮರ ಹತ್ತಿರ ಇದ್ದರೆ ಅದರ ಮೇಲೆ ಕಣ್ಣಿಡಿ.

ಹೊರಡುವ ದಿನ

ಗ್ಯಾಸ್ ಬಂದ್, ನಲ್ಲಿ ಬಂದ್, ಕಿಟಕಿ ಕೊಂಡಿ ಬಿಗಿ. ಉಳಿದ ಅನ್ನವನ್ನು ಕಾಗೆ ತಿನ್ನಲಿ ಅಂತ ಹೊರಗೆ ಚೆಲ್ಲಬೇಡಿ, ಮನೆಯವರಿಗೆ ಕೇಳಿ ಗುಂಡಿಗೆ ಹಾಕಿ. ಪ್ಲಾಸ್ಟಿಕ್, ಬಾಟಲಿ, ಹಾಲಿನ ಪೊಟ್ಟಣ ಒಂದು ಚೀಲಕ್ಕೆ ಕಟ್ಟಿ ನಿಮ್ಮ ಜೊತೆಗೇ ಕೆಳಗೆ ತನ್ನಿ.

ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಮೈಯಲ್ಲಿ ಉಣ್ಣೆ, ಅಂದರೆ ರಕ್ತ ಹೀರುವ ಉಣುಗು, ಕಚ್ಚಿಕೊಂಡಿದೆಯಾ ನೋಡಿ, ಕಂಕುಳು, ಮಂಡಿ ಸಂದಿ, ಮಕ್ಕಳ ಕಿವಿ ಹಿಂದೆ. ಮಂಗನ ಕಾಯಿಲೆ ಉಣ್ಣೆಯಿಂದಲೇ ಹರಡುವುದು, ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಟ ಜಾಸ್ತಿ. ನಮ್ಮ ಜಿಲ್ಲೆಯ ಸಿದ್ದಾಪುರ, ಹೊನ್ನಾವರ ಕಡೆಯವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಅದಕ್ಕೇ ಕಾಡಿನಲ್ಲಿ ತರಗೆಲೆ ಮೇಲೆ ಕೂರಬೇಡಿ ಅನ್ನುವುದು. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಸಿಕ್ಕರೆ ಹೋಗುವಾಗಲೇ ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸ್ ಬಂದು ಒಂದು ವಾರ, ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಡಾಕ್ಟರ ಹತ್ತಿರ ಹೋಗಿ. ಕಾಡಿನಲ್ಲಿ ಉಳಿದು ಬಂದಿದ್ದೇನೆ ಅನ್ನುವುದನ್ನು ಅವರು ಕೇಳುವ ಮೊದಲೇ ಹೇಳಿ.