ಕೇಬಲ್ ಸ್ವೆಟರ್: ಎರಡು ಸಲ ಹೆಣೆದು ಕಲಿತದ್ದು

ಎರಡು ವರ್ಷದ ಹಿಂದೆ ಒಂದು ಫೋಟೋ ನೋಡಿ ಮನಸೋತೆ. ದಪ್ಪ ನೂಲಿನ ಕೇಬಲ್ ಸ್ವೆಟರ್, ಅಂದರೆ ಕುಣಿಕೆಗಳನ್ನು ಒಂದರ ಮೇಲೊಂದು ಹೊರಳಿಸಿ ಜಡೆಯ ಹಾಗೆ ಹೆಣೆದದ್ದು. ಭುಜ ಕೆಳಗೆ ಇಳಿದಿದೆ, ತೋಳು ಬಲೂನಿನ ಹಾಗೆ ಉಬ್ಬಿದೆ, ಮಣಿಕಟ್ಟಿನ ಹತ್ತಿರ ಬಿಗಿಯಾದ ರಿಬ್, ಅಂದರೆ ಎಳೆದರೆ ಹಿಗ್ಗುವ ಗೆರೆಗೆರೆ ಪಟ್ಟಿ. ಆ ಚಳಿಗಾಲದಲ್ಲಿ ಎಲ್ಲಿ ನೋಡಿದರೂ ಇದೇ. ಅವತ್ತೇ ನೂಲು ತಂದು 8 ಮಿ.ಮೀ. ಕಡ್ಡಿಯಲ್ಲಿ ಶುರು ಮಾಡಿಬಿಟ್ಟೆ. ಹದಿನೆಂಟು ದಿನಕ್ಕೆ ಮುಗಿಯಿತು. ದಪ್ಪ ನೂಲಿನ ಸುಖವೇ ಅದು, ಕಣ್ಣ ಮುಂದೆಯೇ ಬೆಳೆಯುತ್ತಾ ಹೋಗುತ್ತದೆ.

ತೊಟ್ಟ ಮೇಲೆ ಗೊತ್ತಾಯಿತು. ತೂಕ ಹಾಕಿದರೆ ಒಂದು ಕಿಲೋ ನೂರು ಗ್ರಾಂ. ತಂಗಿ ಅದನ್ನು ಕೈಗೆ ತಗೊಂಡವಳೇ "ಅಕ್ಕಾ, ಇದನ್ನ ಹಾಕ್ಕೊಂಡು ಕೈ ಹೇಗೆ ಎತ್ತುತ್ತೀಯ?" ಅಂದಳು. ಅವಳ ಮಾತು ನಿಜ. ಒಂದು ವಾರ ತೊಟ್ಟಿದ್ದಕ್ಕೆ ಕೆಳಗಿನ ಅಂಚು ನಾಲ್ಕು ಬೆರಳು ಇಳಿದಿತ್ತು, ತೋಳು ಬೆರಳ ತುದಿ ಮುಟ್ಟುತ್ತಿತ್ತು. ತನ್ನ ಭಾರಕ್ಕೆ ತಾನೇ ಜೋತುಬಿದ್ದಿತ್ತು. ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ಆ ಆಕಾರ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ತೆಳ್ಳಗಿನ ನೂಲಿನಲ್ಲಿ ಅದನ್ನೇ ಮತ್ತೆ ಹೆಣೆಯಬೇಕು ಅಂತ ನಿರ್ಧಾರ ಮಾಡಿದೆ. ಈ ಸಲ ಕಡ್ಡಿ ಹಿಡಿಯುವ ಮುಂಚೆ ಒಂದು ವಾರ ಸುಮ್ನೆ ಕೂತು ನೋಡಿದೆ, ಅಳೆದೆ, ಬರೆದೆ.

ನೋಡುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಫ್ಯಾಷನ್ ಬದಲಾದಾಗ ಹೆಣಿಗೆಯ ಕುಣಿಕೆ ಬದಲಾಗುವುದು ಬಹಳ ಕಡಿಮೆ. ಕೇಬಲ್ ಹಳೆಯದು, ರಿಬ್ ಅದಕ್ಕಿಂತ ಹಳೆಯದು. ಸ್ಕಾಟ್‌ಲೆಂಡಿನ ಶೆಟ್‌ಲ್ಯಾಂಡ್ ದ್ವೀಪಗಳ ಕಡೆಯ ಫೇರ್ ಐಲ್ ಎಂಬ ಬಣ್ಣಬಣ್ಣದ ಹೆಣಿಗೆ ಮೀನುಗಾರರ ಮೈಮೇಲೆ ಮೊದಲಿನಿಂದಲೂ ಇತ್ತು. 1922ರಲ್ಲಿ ಬ್ರಿಟನ್ನಿನ ಯುವರಾಜ ಅಂಥ ಸ್ವೆಟರ್ ತೊಟ್ಟು ಸೇಂಟ್ ಆಂಡ್ರೂಸ್‌ನಲ್ಲಿ ಗಾಲ್ಫ್ ಆಡಿದ, ಅದೇ ಹೆಣಿಗೆ ದೊಡ್ಡ ಫ್ಯಾಷನ್ ಆಯಿತು. 2020ರಲ್ಲಿ ಬ್ರಿಟಿಷ್ ಗಾಯಕ ಹ್ಯಾರಿ ಸ್ಟೈಲ್ಸ್ ತೊಟ್ಟ ಬಣ್ಣಬಣ್ಣದ ಚೌಕಗಳ ಕಾರ್ಡಿಗನ್ ನೆನಪಿರಬಹುದು, ಜನ ಅದನ್ನು ನೋಡಿ ನೋಡಿ ಮನೆಯಲ್ಲೇ ಹೆಣೆಯತೊಡಗಿದರು, ಕೊನೆಗೆ ಅದನ್ನು ಮಾಡಿದ ಜೆ.ಡಬ್ಲ್ಯೂ. ಆಂಡರ್ಸನ್ ಕಂಪನಿಯವರೇ ಪ್ಯಾಟರ್ನನ್ನು (ಹೆಣೆಯುವ ವಿಧಾನದ ವಿವರ) ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಚೌಕಗಳೂ ಹೆಣಿಗೆ ಗೊತ್ತಿರುವವರು ಯಾರು ಬೇಕಾದರೂ ಹಾಕುವಂಥವು.

ಬದಲಾಗುವುದು ಆಕಾರ. 1950ರ ದಶಕದ ಸ್ವೆಟರ್ ಮೈಗೆ ಅಂಟಿಕೊಂಡು ಸೊಂಟಕ್ಕೇ ಮುಗಿಯುತ್ತಿತ್ತು. 1980ರ ದಶಕದಲ್ಲಿ ಬಾವಲಿಯ ರೆಕ್ಕೆಯಂಥ ತೋಳು ಬಂತು, ಭುಜ ದೊಡ್ಡದಾಯಿತು. ಎರಡರಲ್ಲೂ ಅದೇ ಕೇಬಲ್ ಹೆಣೆಯಬಹುದು. ಹಾಗಾಗಿ ಈಗ ಫೋಟೋ ನೋಡುವಾಗ ನಾನು ಡಿಸೈನನ್ನು ಮೊದಲು ನೋಡುವುದಿಲ್ಲ. ಮೈಗೂ ಬಟ್ಟೆಗೂ ನಡುವೆ ಎಷ್ಟು ಸಡಿಲ ಇದೆ, ಭುಜದ ಗೆರೆ ಎಲ್ಲಿ ಬೀಳುತ್ತದೆ, ತೋಳು ಎಲ್ಲಿ ಅಗಲ ಎಲ್ಲಿ ಕಿರಿದು, ಉದ್ದ ಎಲ್ಲಿಗೆ ನಿಲ್ಲುತ್ತದೆ, ಇಷ್ಟನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ನೂಲಿನ ದಪ್ಪ ನನ್ನ ಆಯ್ಕೆ.

ಆಮೇಲೆ ಸ್ವಾಚ್, ಅಂದರೆ ಅಳತೆ ನೋಡಲು ಮೊದಲು ಹೆಣೆಯುವ ಮಾದರಿ ತುಂಡು. ಇದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ, ನಾನೂ ಮೊದಲ ಸಲ ಬಿಟ್ಟಿದ್ದೆ. ಲೆಕ್ಕ ನೋಡಿ: ಪ್ಯಾಟರ್ನ್ 10 ಸೆಂ.ಮೀ.ಗೆ 22 ಕುಣಿಕೆ ಅಂತ ಹೇಳುತ್ತದೆ, 220 ಕುಣಿಕೆ ಹಾಕಿದರೆ 100 ಸೆಂ.ಮೀ. ಸುತ್ತಳತೆ. ನಿಮ್ಮ ಕೈ ಸ್ವಲ್ಪ ಸಡಿಲ ಇದ್ದು 20 ಕುಣಿಕೆಯೇ 10 ಸೆಂ.ಮೀ. ಆದರೆ ಅದೇ 220ಕ್ಕೆ 110 ಸೆಂ.ಮೀ. ಆಗುತ್ತದೆ. ಎರಡೇ ಎರಡು ಕುಣಿಕೆ, ಹತ್ತು ಸೆಂ.ಮೀ. ವ್ಯತ್ಯಾಸ. ಸ್ವಾಚ್ ದೊಡ್ಡದಿರಲಿ, ಕನಿಷ್ಠ 15 ಸೆಂ.ಮೀ. ಚೌಕ. ಅದನ್ನು ಸ್ವೆಟರ್ ತೊಳೆಯುವ ಹಾಗೇ ತೊಳೆದು, ಹಾಸಿ ಒಣಗಿಸಿ, ಆಮೇಲೆ ನಡುಭಾಗದಲ್ಲಿ ಎರಡು ಗುಂಡುಪಿನ್ ಚುಚ್ಚಿ ಎಣಿಸಬೇಕು. ಅಂಚಿನ ಕುಣಿಕೆಗಳು ಸರಿಯಾದ ಅಳತೆ ಕೊಡುವುದಿಲ್ಲ.

ನನ್ನ ಎರಡನೇ ಸ್ವೆಟರಿಗೆ ತೆಗೆದುಕೊಂಡದ್ದು ಡಿಕೆ ಎಂಬ ಮಧ್ಯಮ ದಪ್ಪದ ನೂಲು, 4 ಮಿ.ಮೀ. ಕಡ್ಡಿ. ಪ್ಲೇನ್ ಹೆಣಿಗೆಯಲ್ಲಿ 10 ಸೆಂ.ಮೀ.ಗೆ 22 ಕುಣಿಕೆ ಬಂತು. ನನ್ನ ಎದೆ ಸುತ್ತಳತೆ 92, ಸಡಿಲಕ್ಕೆ 20 ಸೇರಿಸಿ 112 ಸೆಂ.ಮೀ. ಅಂದರೆ 246 ಕುಣಿಕೆ. ಆದರೆ ಕೇಬಲ್ ಬಟ್ಟೆಯನ್ನು ಒಳಗೆ ಎಳೆಯುತ್ತದಲ್ವಾ? ಅದಕ್ಕೇ ಕೇಬಲ್ಲಿಗೆ ಬೇರೆ ಸ್ವಾಚ್ ಹೆಣೆದೆ. ಪ್ಲೇನ್‌ನಲ್ಲಿ 24 ಕುಣಿಕೆ ಸುಮಾರು 11 ಸೆಂ.ಮೀ. ಇದ್ದದ್ದು ಕೇಬಲ್‌ನಲ್ಲಿ ಎಂಟೂವರೆಗೆ ಬಂದು ನಿಂತಿತು. ಆ ಎರಡೂವರೆ ಸೆಂ.ಮೀ. ತುಂಬಲು ಮುಂಭಾಗಕ್ಕೆ ಆರು ಕುಣಿಕೆ ಜಾಸ್ತಿ ಸೇರಿಸಿದೆ, ಒಟ್ಟು 252. ಹಿಂಭಾಗ ಪ್ಲೇನ್ ಬಿಟ್ಟೆ. ತೂಕ ಉಳಿಯಿತು, ಕುರ್ಚಿಗೆ ಒರಗಿದರೆ ಒತ್ತುವುದೂ ಇಲ್ಲ.

ಭುಜ ಇಳಿದಿರುವ ಸ್ವೆಟರ್‌ನಲ್ಲಿ ಎಲ್ಲರೂ ತಪ್ಪುವುದು ತೋಳಿನ ಉದ್ದದಲ್ಲಿ. ಭುಜದಿಂದ ಮಣಿಕಟ್ಟಿಗೆ ಅಳೆದು ಅಷ್ಟೇ ಹೆಣೆದರೆ ಖಂಡಿತ ಉದ್ದ ಆಗುತ್ತದೆ, ಯಾಕೆಂದರೆ ಮೈಭಾಗವೇ ಆಗಲೇ ತೋಳಿನ ಮೇಲೆ ಇಳಿದಿರುತ್ತದೆ. ಕೈ ಪಕ್ಕಕ್ಕೆ ಚಾಚಿ, ಕತ್ತಿನ ಹಿಂಬದಿಯ ನಡುವಿನಿಂದ ಮಣಿಕಟ್ಟಿನವರೆಗೆ ಅಳೆಯಿರಿ. ನನ್ನದು 74 ಸೆಂ.ಮೀ. ಸ್ವೆಟರಿನ ಬೆನ್ನಿನ ಅಗಲ 56, ಅದರ ಅರ್ಧ 28. ಕಳೆದರೆ 46. ತೋಳು ಹೆಣೆಯಬೇಕಾದದ್ದು ಅಷ್ಟೇ.

ಇನ್ನು ಆ ಉಬ್ಬು ತೋಳು. ನೋಡಲು ಎಷ್ಟು ಕಷ್ಟದ್ದು ಅನ್ನಿಸುತ್ತದೋ ಹೆಣೆಯಲು ಅಷ್ಟೇ ಸುಲಭ. ತೋಳಿನ ಕಂಡಿಯ ಸುತ್ತ 88 ಕುಣಿಕೆ ಎತ್ತಿಕೊಂಡೆ, ಎಲ್ಲೂ ಕಡಿಮೆ ಮಾಡದೆ ನೇರ ಕೆಳಗೆ ಹೆಣೆದೆ, ರಿಬ್ ಶುರುವಾಗುವ ಜಾಗದಲ್ಲಿ ಒಂದೇ ಸಾಲಿನಲ್ಲಿ ಎರಡೆರಡು ಕುಣಿಕೆ ಸೇರಿಸಿ ಹೆಣೆದು 44ಕ್ಕೆ ಇಳಿಸಿದೆ. ಕಡ್ಡಿ ಬದಲಿಸಿ 3.25 ಮಿ.ಮೀ.ಗೆ ಬಂದೆ, ಎರಡು ನಿಟ್ (ನೇರ ಕುಣಿಕೆ) ಎರಡು ಪರ್ಲ್ (ಉಲ್ಟಾ ಕುಣಿಕೆ) ರಿಬ್, 7 ಸೆಂ.ಮೀ. ಆ ಒಂದು ಸಾಲಿನಲ್ಲೇ ಇಡೀ ಫ್ಯಾಷನ್ ಇದೆ. ಮುಂದೆ ತೋಳು ಕಿರಿದಾಗುವ ಕಾಲ ಬಂದರೆ ರಿಬ್ ಬಿಚ್ಚಿ, ತೋಳು ಮೇಲಿನವರೆಗೂ ಬಿಚ್ಚಿ, ಸ್ವಲ್ಪ ಸ್ವಲ್ಪವಾಗಿ ಕುಣಿಕೆ ಕಡಿಮೆ ಮಾಡುತ್ತಾ ಹೆಣೆದರೆ ಆಯಿತು. ಮೈಭಾಗ ಮುಟ್ಟಬೇಕಾಗಿಯೇ ಇಲ್ಲ. ಮೇಲಿನಿಂದ ಕೆಳಗೆ ಹೆಣೆಯುವುದು ನನಗೆ ಇಷ್ಟವಾಗುವುದು ಇದಕ್ಕೇ.

ಮೈಭಾಗ ಹೆಣೆಯುವಾಗ ಒಂದು ರಾತ್ರಿ ದೀಪದ ಕೆಳಗೆ ಹಿಡಿದು ನೋಡುತ್ತೇನೆ, ಹದಿನಾಲ್ಕು ಸಾಲು ಕೆಳಗೆ ಒಂದು ಕೇಬಲ್ ಉಲ್ಟಾ ಹೊರಳಿದೆ. ಎಡಕ್ಕೆ ಹೋಗಬೇಕಾದ ಜಡೆ ಬಲಕ್ಕೆ ಹೋಗಿದೆ. ಒಂದು ಸಾಲಿಗೆ 252 ಕುಣಿಕೆ, ಹದಿನಾಲ್ಕು ಸಾಲು ಬಿಚ್ಚಲು ಮನಸ್ಸು ಬರಲಿಲ್ಲ. ಆ ಕೇಬಲ್ಲಿನ ಆರು ಕುಣಿಕೆಗಳನ್ನು ಮಾತ್ರ ಕಡ್ಡಿಯಿಂದ ಬಿಟ್ಟೆ. ಏಣಿಯ ಮೆಟ್ಟಿಲ ಹಾಗೆ ನೂಲಿನ ಎಳೆಗಳು ಒಂದರ ಕೆಳಗೊಂದು ಬಿಚ್ಚಿಕೊಂಡವು. ತಪ್ಪಾದ ಸಾಲಿಗೆ ಬಂದಾಗ ಮೂರು ಕುಣಿಕೆ ಹಿಂದೆ, ಮೂರು ಮುಂದೆ ಹಿಡಿದು ಸರಿಯಾದ ಕಡೆಗೆ ಹೊರಳಿಸಿ, ಎರಡು ಗಿಡ್ಡ ಕಡ್ಡಿಗಳಲ್ಲಿ ಕೆಳಗಿನ ಎಳೆಯಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹೆಣೆಯುತ್ತಾ ಮೇಲೆ ಬಂದೆ. ಯಾವ ಎಳೆ ಯಾವ ಸಾಲಿನದು ಅಂತ ತಪ್ಪಬಾರದು, ಅದೊಂದೇ ಎಚ್ಚರ. ಒಂದೂವರೆ ಗಂಟೆ ಹಿಡಿಯಿತು. ತೊಳೆದು ಒಣಗಿದ ಮೇಲೆ ಎಲ್ಲಿ ಸರಿಮಾಡಿದ್ದು ಅಂತ ನನಗೇ ಹುಡುಕಲು ಆಗಲಿಲ್ಲ.

ಮುಗಿದಾಗ ತೂಕ 560 ಗ್ರಾಂ, ಮೊದಲಿನದಕ್ಕೆ ಹೆಚ್ಚುಕಡಿಮೆ ಅರ್ಧ. ಎರಡು ತಿಂಗಳು ಹತ್ತು ದಿನ ಬೇಕಾಯಿತು. ಹೀಗಾಗಿ ಚಳಿಗೆ ಬೇಕಾದ್ದನ್ನು ಚಳಿ ಬಂದ ಮೇಲೆ ಶುರು ಮಾಡುವುದಿಲ್ಲ, ಮೂರು ತಿಂಗಳು ಮುಂಚೆಯೇ ಕಡ್ಡಿಗೆ ಏರಿಸುತ್ತೇನೆ.

ಬಣ್ಣದ ಬಗ್ಗೆ ಒಂದು ಮಾತು. ಎರಡು ಮೂರು ಬಣ್ಣ ಸೇರಿಸಿ ಹೆಣೆಯುವಾಗ ಉಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಎರಡು ಉಂಡೆ ಒಂದೇ ಬೂದು ಬಣ್ಣ ಕಂಡರೆ ಹೆಣೆದ ಮೇಲೆ ಡಿಸೈನ್ ಎದ್ದು ಕಾಣುವುದಿಲ್ಲ, ಉಂಡೆಯಲ್ಲಿ ಎಷ್ಟೇ ಚೆಂದ ಇದ್ದರೂ.

ಈಗ ಬೇಸಿಗೆಗೆ ಅಂತ ಹತ್ತಿ ನೂಲಿನ ಬಲೆಬಲೆ ಟಾಪ್ ಶುರು ಮಾಡುತ್ತಿದ್ದೇನೆ. ಜಾಳಾದ ಹೆಣಿಗೆ, ಗಿಡ್ಡ ತೋಳು, ಸೊಂಟಕ್ಕೆ ನಿಲ್ಲುವ ಉದ್ದ, ಈ ಸಲ ಎಲ್ಲರ ಮೈಮೇಲೂ ಇದೇ ಕಾಣುತ್ತಿದೆ. ಹತ್ತಿಗೆ ಉಣ್ಣೆಯ ಹಾಗೆ ಎಳೆದು ಬಿಟ್ಟರೆ ಹಿಂದಕ್ಕೆ ಬರುವ ಗುಣ ಇಲ್ಲ, ಭಾರವೂ ಜಾಸ್ತಿ. ಅದಕ್ಕೆ ತೊಳೆದ ಸ್ವಾಚ್‌ನ ಕೆಳಗೆ ನಾಲ್ಕು ಬಟ್ಟೆ ಕ್ಲಿಪ್ ಸಿಕ್ಕಿಸಿ ನೇತುಹಾಕಿದ್ದೇನೆ. ಮೊನ್ನೆ 15 ಸೆಂ.ಮೀ. ಉದ್ದ ಇತ್ತು, ಇವತ್ತು ಬೆಳಗ್ಗೆ ಅಳೆದರೆ 17. ಸಾಲುಗಳ ಲೆಕ್ಕ ಈ 17ರಿಂದ ಮಾಡುತ್ತೇನೆ. ಇನ್ನೊಂದು ದಿನ ತೂಗಲಿ, ಆಮೇಲೆ ಕುಣಿಕೆ ಹಾಕುತ್ತೇನೆ.